ಕೂತು ಮಾಡುವ ಕೆಲಸ, ಇಪ್ಪತ್ತೆಂಟಕ್ಕೇ ಮೂಳೆ ಸಾಂದ್ರತೆ ಕಡಿಮೆ: ಯಾವ ವ್ಯಾಯಾಮ ಮಾಡಬೇಕು?

ಲೆಕ್ಕದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ 28 ವರ್ಷ, ಬೆಂಗಳೂರಿನ ಒಂದು ಆಡಿಟ್ ಕಚೇರಿಯಲ್ಲಿ ಕೆಲಸ. ಬೆಳಗ್ಗೆ ಕೂತರೆ ಊಟಕ್ಕೆ ಏಳೋದು, ಮತ್ತೆ ಕೂತರೆ ಮನೆಗೆ ಹೊರಡೋಕೆ ಏಳೋದು. ರಿಟರ್ನ್ಸ್ ಸಲ್ಲಿಸುವ ತಿಂಗಳುಗಳಲ್ಲಿ ಊಟವೂ ಮೇಜಿನ ಮೇಲೇ. ಈಚೆಗೆ ಬಸ್ಸಿನಿಂದ ಇಳಿಯುವಾಗ ಪಾದ ಹೊರಳಿತು. ಬೀಳಲೂ ಇಲ್ಲ, ಆದರೂ ಪಾದದ ಹೊರಬದಿಯ ಮೂಳೆ ಬಿರುಕು ಬಿಟ್ಟಿದೆ ಅಂತ ಎಕ್ಸ್‌ರೇಯಲ್ಲಿ ಬಂತು. ನಾನು ತೀರಾ ತೆಳ್ಳಗಿರೋದು ನೋಡಿ ಡಾಕ್ಟರು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಬೆನ್ನುಮೂಳೆಯ ಝಡ್-ಸ್ಕೋರ್ ಮೈನಸ್ 2.1, ಸೊಂಟದ್ದು ಮೈನಸ್ 1.6. ವಿಟಮಿನ್ ಡಿ 11, ಅದೂ ಕಡಿಮೆಯೇ.

ಡಿ ಸ್ಯಾಚೆಟ್, ಕ್ಯಾಲ್ಸಿಯಂ ಮಾತ್ರೆ ಕೊಟ್ಟು, "ಚೆನ್ನಾಗಿ ಎಕ್ಸರ್‌ಸೈಜ್ ಮಾಡಿ" ಅಂದರು. ಯಾವುದು ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ಕಾಲು ಪೆಟ್ಟಾಗುವ ಮುಂಚೆ ದಿನಾ ಸಂಜೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದೆ. ಅಮ್ಮ ಯೋಗ ಸಾಕು ಅಂತಾರೆ. ಗೆಳತಿ ಜಿಮ್‌ಗೆ ಬಾ ಅಂತಾಳೆ. ಅತ್ತೆ ಆಗಲಿರುವವರು, ಭಾರ ಎತ್ತಿದರೆ ಗರ್ಭಕೋಶ ಜಾರುತ್ತೆ ಅಂತ ಹೆದರಿಸಿದ್ದಾರೆ. ಮೂಳೆಗೆ ನಿಜವಾಗಿ ಏನು ಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಫಿಸಿಯೋ_ಧಾರವಾಡ

ತಂಗಿ, ಮೊದಲು ಕಾಲಿನ ಬಿರುಕು ಪೂರ್ತಿ ಕೂಡಿಕೊಳ್ಳಲಿ. ಕೆಳಗೆ ಬರೆಯೋದೆಲ್ಲ ಅದಾದ ಮೇಲಿನ ಮಾತು.

ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ನಿಮ್ಮ ವಯಸ್ಸಿನಲ್ಲಿ ಹೊಸ ಮೂಳೆ ಕಟ್ಟಿಸೋಕೆ ಅದು ಸಾಲದು. ಮೂಳೆ ಜೀವಂತ ಅಂಗ. ಒಂದು ಬಗೆಯ ಕೋಶಗಳು ಹಳೆ ಮೂಳೆಯನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಎಲ್ಲಿ ಕಟ್ಟಬೇಕು, ಎಲ್ಲಿ ಕರಗಿಸಬೇಕು ಅಂತ ಸೂಚನೆ ಕೊಡುವ ಮೂರನೆಯ ಬಗೆಯ ಕೋಶಗಳು ಮೂಳೆಯೊಳಗೇ ಹುದುಗಿ ಕೂತಿರುತ್ತವೆ. ಮೂಳೆ ಒಂದು ಕೂದಲೆಳೆಯಷ್ಟು ಬಾಗಿದರೂ ಅವಕ್ಕೆ ಗೊತ್ತಾಗುತ್ತೆ. ಬಿದ್ದ ಭಾರಕ್ಕೆ ತಕ್ಕಂತೆ ಮೂಳೆ ತನ್ನ ಕಟ್ಟಡವನ್ನು ಬದಲಿಸಿಕೊಳ್ಳುತ್ತೆ ಅಂತ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದರು.

ಈ ಕೋಶಗಳ ಸ್ವಭಾವ ತಿಳಿದರೆ ವ್ಯಾಯಾಮದ ಆಯ್ಕೆ ಸುಲಭ. ದಿನಾ ಬೀಳುವ, ಒಂದೇ ತೆರನಾದ ಭಾರ ಅವಕ್ಕೆ ರೂಢಿಯಾಗಿಬಿಡುತ್ತೆ. ಸುಮ್ಮನೆ ಹೊತ್ತು ನಿಂತ ಭಾರಕ್ಕೂ ಸ್ಪಂದನೆ ಕಡಿಮೆ. ಥಟ್ಟನೆ ಬೀಳಬೇಕು, ರೂಢಿಗಿಂತ ಜಾಸ್ತಿ ಇರಬೇಕು, ಬೇರೆ ಬೇರೆ ದಿಕ್ಕಿನಿಂದ ಬರಬೇಕು. ಹಾಗೆ ಬಂದರೆ ಸ್ವಲ್ಪವೇ ಸಾಕು. 1984ರಲ್ಲಿ ರೂಬಿನ್ ಮತ್ತು ಲ್ಯಾನಿಯನ್ ಹಕ್ಕಿಗಳ ರೆಕ್ಕೆಮೂಳೆಯ ಮೇಲೆ ಅಳತೆ ಮಾಡಿ ಭಾರ ಹಾಕಿ ನೋಡಿದರು. ದಿನಕ್ಕೆ 36 ಸಲ ಹಾಕಿದಾಗ ಮೂಳೆ ಬೆಳೆಯಿತು. ಅದನ್ನೇ 1800 ಸಲಕ್ಕೆ ಏರಿಸಿದರೂ ಅದಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ. ಟೆನಿಸ್ ಆಡುವವರಲ್ಲಿ ರಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪಗಿರುತ್ತೆ. ಈಜುವವರು, ಸೈಕಲ್ ತುಳಿಯುವವರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅವರ ಮೂಳೆ ಸಾಂದ್ರತೆ ಓಡುವ, ಜಿಗಿಯುವ ಆಟಗಾರರಷ್ಟು ಇರಲ್ಲ. ನೀರು, ಸೀಟು ಎರಡೂ ಮೈಭಾರವನ್ನು ತಾವೇ ಹೊರುತ್ತವೆ.

ನಡೆಯುವಾಗ ಒಂದೊಂದು ಹೆಜ್ಜೆಗೂ ಬೀಳೋದು ನಮ್ಮ ಮೈತೂಕಕ್ಕಿಂತ ಚೂರು ಜಾಸ್ತಿ. ಓಡುವಾಗ ಎರಡು ಮೂರು ಪಟ್ಟು. ಜಿಗಿದು ನೆಲಕ್ಕೆ ಬಂದಾಗ ಅದಕ್ಕೂ ಮೇಲೆ. ಆದ್ದರಿಂದ ಯುವತಿಯರ ಮೂಳೆಗೆ ಎರಡು ಬೇಕು: ಜಿಗಿತ, ಮತ್ತು ಭಾರ ಎತ್ತೋದು.

ಥೈರಾಯ್ಡ್_ಓಪಿಡಿ

ನಾನು ಹಾರ್ಮೋನ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ವ್ಯಾಯಾಮದ ಚರ್ಚೆಗೆ ಮುಂಚೆ ಕೆಲವು ಪ್ರಶ್ನೆಗಳಿವೆ.

ರಿಪೋರ್ಟಿನ ಅರ್ಥ ಮೊದಲು ಹೇಳಿಬಿಡುತ್ತೇನೆ. ಆರೋಗ್ಯವಂತ ಯುವಜನರ ಮೂಳೆಯ ಜೊತೆ ಹೋಲಿಸುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಅನ್ನುವ ಲೆಕ್ಕ ಮುಟ್ಟು ನಿಂತ ಹೆಂಗಸರಿಗೆ. ಅದಕ್ಕಿಂತ ಚಿಕ್ಕವರಲ್ಲಿ ಅದೇ ವಯಸ್ಸಿನವರ ಜೊತೆ ಹೋಲಿಸುವ ಝಡ್-ಸ್ಕೋರ್ ನೋಡುತ್ತೇವೆ. ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ "ವಯಸ್ಸಿಗೆ ತಕ್ಕಷ್ಟಿಲ್ಲ" ಅಂತ ಮಾತ್ರ ಹೇಳುತ್ತೇವೆ, ಕಾರಣ ಹುಡುಕುತ್ತೇವೆ. ಇನ್ನೊಂದು ವಿಷಯ, ಸಣ್ಣ ಮೈಕಟ್ಟಿನವರಿಗೆ ಡೆಕ್ಸಾ ಯಂತ್ರ ಇರೋದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತೆ, ಏಕೆಂದರೆ ಅದು ಅಳೆಯೋದು ಮೂಳೆಯ ಅಗಲವನ್ನು, ಆಳವನ್ನಲ್ಲ. ಪಾದ ಹೊರಳಿ ಆ ಮೂಳೆ ಬಿರುಕು ಬಿಡೋದು ಗಟ್ಟಿ ಮೂಳೆಯವರಲ್ಲೂ ನಡೆಯುತ್ತೆ. ಹಾಗಾಗಿ "ನನ್ನ ಮೂಳೆ ಪುಡಿ" ಅಂತ ತಲೆಗೆ ಹಚ್ಚಿಕೊಳ್ಳಬೇಡಿ. ಹಾಗಂತ ಕಡೆಗಣಿಸುವ ಫಲಿತಾಂಶವೂ ಅಲ್ಲ.

ಈಗ ಪ್ರಶ್ನೆಗಳು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಾ? ಎಂದಾದರೂ ತಿಂಗಳುಗಟ್ಟಲೆ ನಿಂತಿತ್ತಾ? ತೂಕ ಎಷ್ಟು? ಥೈರಾಯ್ಡ್ ಮಾತ್ರೆ ಇದ್ದರೆ ಡೋಸ್ ಜಾಸ್ತಿ ಆಗಿಲ್ಲ ತಾನೇ? ಉಬ್ಬಸಕ್ಕೋ, ಚರ್ಮಕ್ಕೋ, ಕೀಲಿಗೋ ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೀರಾ? ಮೂರ್ಛೆಗೆ ಔಷಧಿ? ಗೋಧಿ ತಿಂದರೆ ಹೊಟ್ಟೆ ಕೆಡುತ್ತಾ? ಮನೆಯಲ್ಲಿ ಅಮ್ಮ, ಅಜ್ಜಿಯ ಸೊಂಟ ಮುರಿದದ್ದು ಇದೆಯಾ?

ಲೆಕ್ಕದ_ಹುಡುಗಿ

ಮೇಡಂ, ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಯಾರೂ ಕೇಳಿರಲಿಲ್ಲ. ಎತ್ತರ 158 ಸೆಂ.ಮೀ., ತೂಕ 43 ಕೆಜಿ. ಥೈರಾಯ್ಡ್ ಇಲ್ಲ, ಸ್ಟೀರಾಯ್ಡ್ ಇಲ್ಲ. ಸಿಎ ಆರ್ಟಿಕಲ್‌ಶಿಪ್ ಮತ್ತು ಪರೀಕ್ಷೆಯ ವರ್ಷಗಳಲ್ಲಿ ಮುಟ್ಟು ಸುಮಾರು ಒಂದು ವರ್ಷ ಬರಲೇ ಇಲ್ಲ. ಆಗ ಪಿಜಿ ಊಟ, ಬೆಳಗ್ಗೆ ಕಾಫಿ ಬಿಸ್ಕೆಟ್. "ಟೆನ್ಷನ್ನಿಗೆ ಹೀಗಾಗುತ್ತೆ, ಮದುವೆಯಾದರೆ ಸರಿಹೋಗುತ್ತೆ" ಅಂದರು ಮನೆಯಲ್ಲಿ. ಈಗಲೂ ಒಮ್ಮೊಮ್ಮೆ ಎರಡು ತಿಂಗಳಿಗೊಮ್ಮೆ. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು.

ಥೈರಾಯ್ಡ್_ಓಪಿಡಿ

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಈಸ್ಟ್ರೋಜನ್ ಹಾರ್ಮೋನ್ ಮೂಳೆ ಕರಗಿಸುವ ಕೋಶಗಳಿಗೆ ಕಡಿವಾಣ. ದೇಹಕ್ಕೆ ತಿಂದ ಅನ್ನ ಸಾಲದೆ ಬಂದಾಗ ಮಿದುಳು ಮೊದಲು ಮುಟ್ಟನ್ನು ನಿಲ್ಲಿಸುತ್ತೆ. ಈಸ್ಟ್ರೋಜನ್ ಇಳಿಯುತ್ತೆ, ಮೂಳೆ ಕಟ್ಟುವ ವಯಸ್ಸಿನಲ್ಲೇ ಕರಗುವ ಕೆಲಸ ಜೋರಾಗುತ್ತೆ. ಕ್ರೀಡಾಪಟುಗಳಲ್ಲಿ ಇದನ್ನು ಬಹಳ ಹಿಂದೆಯೇ ಗಮನಿಸಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ವಿಶಾಲವಾದ ವ್ಯಾಖ್ಯೆ ಕೊಟ್ಟಿತು. ಆದರೆ ಇದು ಓಡುವ ಹುಡುಗಿಯರಿಗೆ ಮಾತ್ರ ಬರುವುದಲ್ಲ. ಪರೀಕ್ಷೆಗೆ ಓದುವ, ಹಾಸ್ಟೆಲಿನಲ್ಲಿ ಅರೆಹೊಟ್ಟೆ ಉಣ್ಣುವ, ಮದುವೆಗೆ ಮುಂಚೆ ಸಣ್ಣಗಾಗಬೇಕು ಅಂತ ಊಟ ಬಿಡುವ ಹುಡುಗಿಯರಲ್ಲೂ ನೋಡುತ್ತೇವೆ.

ಆದ್ದರಿಂದ ನನ್ನ ಕಳಕಳಿಯ ಮಾತು: ತೂಕ 43 ಕೆಜಿ ಇರುವಾಗ, ಮುಟ್ಟು ತಪ್ಪುತ್ತಿರುವಾಗ, ಊಟ ಹೆಚ್ಚಿಸದೆ ಬರೀ ವ್ಯಾಯಾಮ ಹೆಚ್ಚಿಸಿದರೆ ಮೂಳೆಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 18.5ಕ್ಕಿಂತ ಕೆಳಗಿದೆ. ತೂಕ ಮೂರ್ನಾಲ್ಕು ಕೆಜಿ ಏರಬೇಕು, ಮುಟ್ಟು ಕ್ರಮಕ್ಕೆ ಬರಬೇಕು. ಹಾರ್ಮೋನ್ ತಜ್ಞರನ್ನೋ ಸ್ತ್ರೀರೋಗ ತಜ್ಞರನ್ನೋ ಕಂಡು ಪ್ರೊಲ್ಯಾಕ್ಟಿನ್, ಥೈರಾಯ್ಡ್, ಎಫ್‌ಎಸ್‌ಎಚ್, ಪ್ಯಾರಾಥೈರಾಯ್ಡ್ ಹಾರ್ಮೋನ್‌ಗಳ ಪರೀಕ್ಷೆ, ಗೋಧಿ ಒಗ್ಗದ ಸೀಲಿಯಾಕ್ ರೋಗದ ಪರೀಕ್ಷೆ ಬೇಕಾ ಕೇಳಿ. ಮೂರು ತಿಂಗಳು ಮುಟ್ಟು ಬರದಿದ್ದರೆ ಯಾವ ಹುಡುಗಿಯೂ ಮದುವೆ ಆಗೋವರೆಗೆ ಕಾಯಬಾರದು. ತಾಯಂದಿರು ಈ ಚರ್ಚೆ ಓದುತ್ತಿದ್ದರೆ ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಬಂಟ್ವಾಳದ_ಮಗಳು

ಕೂತು ಮಾಡುವ ಕೆಲಸ ಅಂದ ಕೂಡಲೇ ಎಲ್ಲರಿಗೂ ಕಂಪ್ಯೂಟರ್ ನೆನಪಾಗುತ್ತದೆ. ನಮ್ಮ ಊರಲ್ಲಿ ಬೀಡಿ ಕಟ್ಟುವವರನ್ನು ನೋಡಿ. ಕಾಲು ಮಡಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು, ಬೆನ್ನು ಬಗ್ಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ ನೂಲು ಕಟ್ಟುವುದು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಸಂಜೆ ಬ್ರಾಂಚಿಗೆ ಕೊಂಡುಹೋಗಿ ಕೊಟ್ಟು, ಎಲೆ ಹೊಗೆಸೊಪ್ಪು ತರುವಾಗ ನಡೆದದ್ದೇ ಅವತ್ತಿನ ನಡಿಗೆ. ನನ್ನ ಅಮ್ಮ ಹಾಗೆ ನಮ್ಮನ್ನು ಓದಿಸಿದ್ದು. ನನ್ನ ತಂಗಿ ಪಿಯುಸಿ ಮುಗಿಸಿ ಮನೆಯಲ್ಲೇ ಕಟ್ಟುತ್ತಾಳೆ, ಅವಳಿಗೆ ಈಗ 23. ದಿನವಿಡೀ ಜಗಲಿಯ ಒಳಗೆ, ಬಿಸಿಲು ಕಾಣುವುದಿಲ್ಲ. ಅವಳಿಗೆ ಜಿಮ್ ಅಂತ ಹೇಳಿ ಪ್ರಯೋಜನ ಉಂಟಾ? ಮನೆಯಲ್ಲಿ ಮಾಡುವಂಥದ್ದು ಹೇಳಿ.

ಪೀಣ್ಯದ_ಹೊಲಿಗೆ

ಅಕ್ಕ ಹೇಳಿದ್ದು ನಿಜ. ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಲೈನ್. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಮಧ್ಯೆ ಎದ್ದರೆ ನನ್ನ ಮುಂದೆ ಕಟ್ಟು ಬೆಳೆಯುತ್ತೆ, ಹಿಂದಿನವಳು ಸುಮ್ಮನೆ ಕೂರಬೇಕಾಗುತ್ತೆ, ಸೂಪರ್‌ವೈಸರ್ ಬಂದು ನಿಲ್ಲುತ್ತಾರೆ. ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ನೀರು ಕುಡಿಯೋದೇ ಕಡಿಮೆ ಮಾಡಿದವರು ನಮ್ಮ ಲೈನಿನಲ್ಲಿ ಎಷ್ಟೋ ಜನ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ, ರಾತ್ರಿ ಎಂಟಕ್ಕೆ ಮನೆ. ಇಷ್ಟು ದುಡಿದವರಿಗೆ ಇನ್ನೂ ವ್ಯಾಯಾಮ ಬೇಕಾ ಅಂತ ನಮ್ಮ ಯಜಮಾನರು ಕೇಳ್ತಾರೆ. ಬೇಕಾ?

ಫಿಸಿಯೋ_ಧಾರವಾಡ

ಬೇಕು ಅಕ್ಕ. ಆಯಾಸ ಆಗೋದು ಬೇರೆ, ಮೂಳೆಗೆ ಭಾರ ಬೀಳೋದು ಬೇರೆ. ಹೊಲಿಗೆ ಯಂತ್ರದ ಮುಂದೆ ಕುತ್ತಿಗೆ, ಭುಜ, ಕಣ್ಣು ಸೋಲುತ್ತವೆ. ಸೊಂಟದ ಮೂಳೆ, ಬೆನ್ನುಮೂಳೆ ಮಾತ್ರ ದಿನವಿಡೀ ಖಾಲಿ ಕೂತಿರುತ್ತವೆ. ಬೀಡಿ ಕಟ್ಟುವ ತಂಗಿಗೂ ಇದೇ ಮಾತು.

ಒಳ್ಳೆಯ ಸುದ್ದಿ ಏನಂದರೆ ಇದಕ್ಕೆ ಗಂಟೆಗಟ್ಟಲೆ ಬೇಡ. 1998ರಲ್ಲಿ ಇಂಗ್ಲೆಂಡಿನಲ್ಲಿ ಬಾಸ್ಸಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಹೆಂಗಸರು ವಾರಕ್ಕೆ 6 ದಿನ, ದಿನಕ್ಕೆ 50 ಸಲ ನಿಂತಲ್ಲೇ ಮೇಲಕ್ಕೆ ಜಿಗಿದರು. ಎತ್ತರ ಒಂಬತ್ತು ಸೆಂಟಿಮೀಟರ್ ಒಳಗೇ. ಐದು ತಿಂಗಳಲ್ಲಿ ಮುಟ್ಟು ನಿಲ್ಲದ ಹೆಂಗಸರ ತೊಡೆಮೂಳೆಯ ಮೇಲ್ಭಾಗದಲ್ಲಿ ಸಾಂದ್ರತೆ 2.8 ಶೇಕಡಾ ಏರಿತು. ಅದೇ ಜಿಗಿತ ಮುಟ್ಟು ನಿಂತವರಲ್ಲಿ ಏನೂ ಏರಿಕೆ ತರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಶುರುಮಾಡಿ ಅಂತ ನಾವು ಬಾಯಿ ನೋಯುವಷ್ಟು ಹೇಳೋದು ಇದಕ್ಕೇ. 2015ರಲ್ಲಿ ಅಮೆರಿಕದಲ್ಲಿ 25ರಿಂದ 50 ವಯಸ್ಸಿನ ಹೆಂಗಸರಿಗೆ ದಿನಕ್ಕೆ ಎರಡು ಹೊತ್ತು, ಹೊತ್ತಿಗೆ 10 ಅಥವಾ 20 ಜಿಗಿತ, ಪ್ರತಿ ಜಿಗಿತದ ನಡುವೆ ಅರ್ಧ ನಿಮಿಷ ಬಿಡುವು ಅಂತ 16 ವಾರ ಮಾಡಿಸಿದರು. ಅಲ್ಲೂ ಸೊಂಟದ ಮೂಳೆಗೆ ಲಾಭ ಆಯ್ತು. ನಡುವಿನ ಬಿಡುವು ಸುಮ್ಮನೆ ಕೊಟ್ಟದ್ದಲ್ಲ. ಸತತ ಜಿಗಿದರೆ ಮೂಳೆಕೋಶಗಳ ಸ್ಪಂದನೆ ಬೇಗ ಮಂಕಾಗುತ್ತೆ, ಬಿಡುವು ಸಿಕ್ಕರೆ ಮತ್ತೆ ಚುರುಕಾಗುತ್ತೆ.

ಹೀಗೆ ಮಾಡಿ ನೋಡಿ. ಬೆಳಗ್ಗೆ ಹಾಲು ಕಾಯುವ ಹೊತ್ತಿಗೆ ಹತ್ತು ಜಿಗಿತ, ಸಂಜೆ ಹತ್ತು. ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಲಿ, ಮಂಡಿ ಸ್ವಲ್ಪ ಬಾಗಿರಲಿ, ಮುಂಗಾಲಿನ ಮೇಲೆ ಇಳಿದು ಹಿಮ್ಮಡಿ ಊರಿ. ಒದ್ದೆ ಟೈಲ್ಸ್ ಮೇಲೆ ಬೇಡ. ಕೆಲವು ವಾರ ರೂಢಿಯಾದ ಮೇಲೆ ಮುಂದಕ್ಕೆ, ಪಕ್ಕಕ್ಕೆ ಜಿಗಿಯಿರಿ. ನಾವು ಚಿಕ್ಕವರಿದ್ದಾಗ ಆಡಿದ ಕುಂಟೆಬಿಲ್ಲೆ, ಹಗ್ಗದಾಟ, ಖೊ-ಖೊ ಎಲ್ಲದರಲ್ಲೂ ಇರೋದು ಇದೇ: ಥಟ್ಟನೆ ಓಟ, ಥಟ್ಟನೆ ನಿಲುಗಡೆ, ಒಂಟಿ ಕಾಲಿನ ಇಳಿತ.

ಇದರ ಜೊತೆ ವಾರಕ್ಕೆ ಎರಡು ದಿನ ಭಾರ. ಬಸ್ಕಿ, ಮೊದಲು ಬರಿಗೈಯಲ್ಲಿ, ಆಮೇಲೆ ಎರಡೂ ಕೈಯಲ್ಲಿ ಅಕ್ಕಿ ತುಂಬಿದ ಚೀಲ ಹಿಡಿದು. ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗಿ ನೆಲದಿಂದ ನೀರಿನ ಕ್ಯಾನ್ ಎತ್ತೋದು. ಗೋಡೆಗೆ ಕೈಕೊಟ್ಟು ದಂಡ. ಹತ್ತು ಸಲ ಎತ್ತಿದ ಮೇಲೂ ಇನ್ನೂ ಇಪ್ಪತ್ತು ಎತ್ತಬಲ್ಲೆ ಅನ್ನಿಸಿದರೆ ಆ ಭಾರ ಮೂಳೆಗೆ ಸಾಲದು, ಏರಿಸಬೇಕು.

ಯೋಗ_ಶಿಕ್ಷಕಿ_ಮೈಸೂರು

ಫಿಸಿಯೋ ಅವರ ಮಾತು ಒಪ್ಪುತ್ತಲೇ ಒಂದು ಆಕ್ಷೇಪ. ಯೋಗವನ್ನು ನೀವು ಹೆಸರಿಸಲೇ ಇಲ್ಲ. ವೀರಭದ್ರಾಸನ, ಉತ್ಕಟಾಸನ, ವೃಕ್ಷಾಸನ ಇವೆಲ್ಲ ಮೈಭಾರ ಹೊರುವ ಆಸನಗಳೇ. ನನ್ನಲ್ಲಿ ಕಲಿಯುವ ಹೆಣ್ಣುಮಕ್ಕಳಲ್ಲಿ ಬೆನ್ನುನೋವು ಕಡಿಮೆಯಾಗಿದೆ, ನಿಲುವು ಸರಿಹೋಗಿದೆ. ಎಲ್ಲರಿಗೂ ಜಿಗಿಯಿರಿ, ಭಾರ ಎತ್ತಿ ಅನ್ನೋದು ಎಷ್ಟು ಸರಿ?

ಫಿಸಿಯೋ_ಧಾರವಾಡ

ಮೇಡಂ, ನಿಮ್ಮ ಕೆಲಸದ ಬಗ್ಗೆ ನನಗೆ ಗೌರವ ಇದೆ. ಬೀಳದಂತೆ ಸಮತೋಲನ ಕಲಿಸೋದು, ಬೆನ್ನಿನ ಸ್ನಾಯು ಬಲಪಡಿಸೋದು ಯೋಗದಿಂದ ಖಂಡಿತ ಆಗುತ್ತೆ. ಮೂಳೆ ಮುರಿಯೋದು ಹೆಚ್ಚಾಗಿ ಬಿದ್ದಾಗಲೇ ಅಲ್ವಾ. ಆದರೆ ಆಸನದಲ್ಲಿ ಭಾರ ನಿಧಾನಕ್ಕೆ ಬಂದು ನಿಲ್ಲುತ್ತೆ, ಮೂಳೆ ಬೇಡೋದು ಥಟ್ಟನೆ ಬರುವ ಭಾರವನ್ನು. ಹಾಗಾಗಿ ಎರಡೂ ಇರಲಿ ಅಂತೀನಿ.

ಒಂದು ಎಚ್ಚರಿಕೆ ಮಾತ್ರ. ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವವರು ಪಶ್ಚಿಮೋತ್ತಾನಾಸನ, ಹಲಾಸನದಂತೆ ಬೆನ್ನನ್ನು ದುಂಡಗೆ ಬಗ್ಗಿಸುವ ಆಸನಗಳಲ್ಲಿ ಹುಷಾರಾಗಿರಬೇಕು. ಮೂಳೆ ಟೊಳ್ಳಾದ ಹಿರಿಯ ಹೆಂಗಸರ ಮೇಲೆ ಮೇಯೋ ಕ್ಲಿನಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದವರಿಗೆ ಬೆನ್ನೆಲುಬಿನ ಹೊಸ ಮುರಿತಗಳು, ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಿಗಿಂತ ಬಹಳ ಜಾಸ್ತಿ ಕಂಡವು. ಅದು 28ರ ಹುಡುಗಿಗೆ ನೇರ ಅನ್ವಯಿಸಲ್ಲ, ಆದರೆ ಅವಳ ಅಮ್ಮನಿಗೆ, ಅತ್ತೆಗೆ ಅನ್ವಯಿಸುತ್ತೆ. ಭುಜಂಗಾಸನ, ಶಲಭಾಸನ ಧಾರಾಳವಾಗಿ ಮಾಡಿಸಿ.

ಯೋಗ_ಶಿಕ್ಷಕಿ_ಮೈಸೂರು

ಇದು ಸರಿಯಾದ ಮಾತು. ಹಲಾಸನವನ್ನು ಐವತ್ತು ದಾಟಿದವರಿಗೆ ನಾನು ಹೇಳಿಕೊಡೋದೇ ಇಲ್ಲ. ಸೂರ್ಯನಮಸ್ಕಾರದಲ್ಲಿ ಕಾಲನ್ನು ಜಿಗಿದು ಹಿಂದಕ್ಕೆ ಹಾಕುವ ಕ್ರಮ ಇದೆ; ಗಟ್ಟಿ ಇರುವ ಹುಡುಗಿಯರಿಗೆ ಅದನ್ನೇ ಇನ್ನು ಹೆಚ್ಚು ಮಾಡಿಸುತ್ತೇನೆ.

ಬಿಜಾಪುರ_ಬ್ಯಾಂಕ್

ನಮಸ್ಕಾರ್ರೀ ಎಲ್ಲಾರಿಗೂ. ನಾ ವಿಜಯಪುರದಾಕಿ, ಬ್ಯಾಂಕ್ ಕೌಂಟರ್‌ನ್ಯಾಗ ಕೆಲಸ. ವ್ಯಾಯಾಮದ ಮಾತು ಭಾಳ ಆತು, ಊಟದ ಮಾತೂ ಆಗ್ಲಿ. ನಮ್ಮ ಕಡೆ ಮೂರೂ ಹೊತ್ತು ಜ್ವಾಳದ ರೊಟ್ಟಿ. ಜ್ವಾಳದಾಗ ಕ್ಯಾಲ್ಸಿಯಂ ನೂರು ಗ್ರಾಮಿಗೆ ಮೂವತ್ತು ಮಿಲಿಗ್ರಾಮೂ ಇಲ್ಲ. ರಾಗಿಯೊಳಗ 350ರ ಮ್ಯಾಲ ಐತಿ. ಅಕ್ಕಿಯೊಳಗ ಅಂತೂ ಏನೂ ಇಲ್ಲ. ಹಂಗಂತ ರೊಟ್ಟಿ ಬಿಡೂದು ಬ್ಯಾಡ, ರೊಟ್ಟಿ ಜೋಡಿ ಏನು ತಿಂತೀವಿ ಅದನ್ನ ನೋಡಬೇಕು. ಗುರೆಳ್ಳು ಚಟ್ನಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗಟ್ಟಿ ಮೊಸರು, ರಾಜಗಿರಿ ಸೊಪ್ಪಿನ ಪಲ್ಯ, ಇವೆಲ್ಲಾ ನಮ್ಮ ಅವ್ವ ಮಾಡತಿದ್ಲು. ನಾವು ನೌಕರಿಗೆ ಹೋಗಾಕ ಹತ್ತಿದ ಮ್ಯಾಲ ರೊಟ್ಟಿ, ಬದನೀಕಾಯಿ ಪಲ್ಯ ಡಬ್ಬಿಗೆ ಹಾಕ್ಕೊಂಡು ಓಡತೀವಿ. ಚಟ್ನಿ ಪುಡಿ ಡಬ್ಬಿ ಬ್ಯಾಂಕಿನ್ಯಾಗ ಡ್ರಾಯರ್‌ನ್ಯಾಗ ಇಟ್ಟೇನಿ ನಾ. ನನ್ನ ಸಹೋದ್ಯೋಗಿಗಳೆಲ್ಲಾ ಈಗ ಅದನ್ನ ಕೇಳಿ ತಿಂತಾರ.

ಥೈರಾಯ್ಡ್_ಓಪಿಡಿ

ಅಕ್ಕನ ಲೆಕ್ಕ ಸರಿ ಇದೆ. ಐಸಿಎಂಆರ್ 2020ರಲ್ಲಿ ವಯಸ್ಕ ಹೆಂಗಸರಿಗೆ ದಿನದ ಕ್ಯಾಲ್ಸಿಯಂ ಪ್ರಮಾಣವನ್ನು 600ರಿಂದ 1000 ಮಿಲಿಗ್ರಾಮಿಗೆ ಏರಿಸಿತು. ಎರಡು ಲೋಟ ಹಾಲು ಅಥವಾ ಅಷ್ಟೇ ಮೊಸರು ಅಂದರೆ ಸುಮಾರು 500. ಒಂದು ದೊಡ್ಡ ಮುದ್ದೆಯ ರಾಗಿ ಹಿಟ್ಟಿನಲ್ಲಿ 300ರ ಆಸುಪಾಸು, ಆದರೆ ರಾಗಿಯ ಫೈಟೇಟ್ ಅಂಶ ಅದರಲ್ಲಿ ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತೆ. ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಈ ತೊಂದರೆ ಕಡಿಮೆ. ಒಂದು ದೊಡ್ಡ ಚಮಚ ಎಳ್ಳಿನಲ್ಲಿ ನೂರಕ್ಕೂ ಮೇಲೆ. ನುಗ್ಗೆಸೊಪ್ಪು, ಹರಿವೆ ಒಳ್ಳೆಯವು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಇರೋದರಿಂದ ಮೈಗೆ ಹತ್ತೋದು ಅಲ್ಪ. ಕರಾವಳಿಯವರು ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಬಹಳ ಒಳ್ಳೆಯದು. ಬೇಳೆ, ಕಾಳು, ಮೊಟ್ಟೆ ಮರೆಯಬೇಡಿ, ಮೂಳೆಯ ಗಾತ್ರದಲ್ಲಿ ಅರ್ಧದಷ್ಟು ಪ್ರೋಟೀನೇ.

ಮಾತ್ರೆ ತಗೊಳ್ಳೋರಿಗೆ: ಒಂದು ಸಲಕ್ಕೆ 500 ಮಿಲಿಗ್ರಾಮಿಗಿಂತ ಜಾಸ್ತಿ ಬೇಡ, ಹೆಚ್ಚು ತಗೊಂಡರೂ ದೇಹ ಹೀರಿಕೊಳ್ಳೋದು ಕಡಿಮೆ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ. ಕಾರ್ಬೊನೇಟ್ ಮಾತ್ರೆಯಾದರೆ ಊಟದ ಜೊತೆ. ವಿಟಮಿನ್ ಡಿ 60,000 ಯೂನಿಟ್‌ನ ಸ್ಯಾಚೆಟ್ ವಾರಕ್ಕೊಂದು ಅಂತ ಬರೆದುಕೊಟ್ಟಿರುತ್ತೇವೆ, ದಿನಕ್ಕೊಂದಲ್ಲ. ತಪ್ಪಿ ದಿನಾ ತಗೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಕಿಡ್ನಿ ತೊಂದರೆ ಅಂತ ದಾಖಲಾದವರನ್ನು ನೋಡಿದ್ದೇವೆ.

ಲೀಡ್ಸ್_ಕನ್ನಡತಿ

ಬಿಸಿಲಿನ ಬಗ್ಗೆ ಒಂದು ಮಾತು. ಇಲ್ಲಿ ಇಂಗ್ಲೆಂಡಿನಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗೋದೇ ಇಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಎಲ್ಲರೂ ದಿನಕ್ಕೆ 400 ಯೂನಿಟ್ ತಗೊಳ್ಳುವ ಬಗ್ಗೆ ಯೋಚಿಸಿ, ನಮ್ಮಂಥ ಕಂದು ಚರ್ಮದವರು ವರ್ಷವಿಡೀ ತಗೊಳ್ಳಿ ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನಿಗೆ ಬಿಸಿಲಿಗೆ ಬರವಿಲ್ಲ, ಆದರೂ ಅವಳ ಡಿ ನನ್ನದಕ್ಕಿಂತ ಕಡಿಮೆ! ಅವಳ ಆಫೀಸಿನಲ್ಲಿ ಕಿಟಕಿ ಪಕ್ಕ ಕೂತರೆ ಬಿಸಿಲು ಸಿಗುತ್ತಲ್ಲ ಅಂದುಕೊಂಡಿದ್ದಳು. ಗಾಜು ಡಿ ತಯಾರಿಸುವ ಕಿರಣಗಳನ್ನು ತಡೆದುಬಿಡುತ್ತೆ. ಬೆಳಗಿನ ಎಳೆಬಿಸಿಲಲ್ಲೂ ಆ ಕಿರಣ ತೀರಾ ಕಡಿಮೆ. ಹನ್ನೊಂದರಿಂದ ಎರಡರ ಒಳಗೆ ಕೈಕಾಲು ಮುಖಕ್ಕೆ ಸ್ವಲ್ಪ ಹೊತ್ತು ಬಿಸಿಲು ತಾಕಬೇಕು. ಊಟ ಮುಗಿಸಿ ಕ್ಯಾಂಪಸ್ಸಿನಲ್ಲಿ ಒಂದು ಸುತ್ತು ಹಾಕಿದರೆ ಆಯ್ತು.

ಒಆರ್‌ಆರ್_ಟೆಸ್ಟರ್

ನಮ್ಮ ಆಫೀಸಿನಲ್ಲಿ ಮಹಿಳಾ ದಿನಾಚರಣೆಗೆ ಅಂತ ಉಚಿತ ಮೂಳೆ ತಪಾಸಣೆ ಇಟ್ಟಿದ್ದರು. ಹಿಮ್ಮಡಿಯನ್ನು ಒಂದು ಸಣ್ಣ ಪೆಟ್ಟಿಗೆಯೊಳಗೆ ಇಡಿಸಿ, ಒಂದು ನಿಮಿಷದಲ್ಲಿ ಚೀಟಿ ಕೊಟ್ಟರು. ನಮ್ಮ ಟೀಮಿನ ಹುಡುಗಿಯರಲ್ಲಿ ಬಹುತೇಕ ಎಲ್ಲರಿಗೂ "ಆಸ್ಟಿಯೋಪೀನಿಯಾ", ಅಂದರೆ ಮೂಳೆ ಸಾಂದ್ರತೆ ಸ್ವಲ್ಪ ಕಡಿಮೆ, ಅಂತ ಬಂತು, ಪಕ್ಕದ ಮೇಜಿನಲ್ಲೇ ಮಾತ್ರೆ, ಪುಡಿ ಡಬ್ಬಿ ಮಾರಾಟಕ್ಕಿತ್ತು. ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಅವತ್ತು ಅತ್ತುಬಿಟ್ಟಳು. ಇದನ್ನು ಎಷ್ಟು ನಂಬಬೇಕು?

ಥೈರಾಯ್ಡ್_ಓಪಿಡಿ

ಹಿಮ್ಮಡಿಯ ಅಲ್ಟ್ರಾಸೌಂಡ್ ಆಧಾರದ ಮೇಲೆ ರೋಗ ನಿರ್ಣಯ ಮಾಡುವ ಹಾಗಿಲ್ಲ. ಆ ಚೀಟಿಯ ಟಿ-ಸ್ಕೋರನ್ನು ಡೆಕ್ಸಾದ ಅಳತೆಗೋಲಿನಲ್ಲಿ ಓದೋದು ತಪ್ಪು, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ. ಮುಟ್ಟು ಕ್ರಮವಾಗಿದ್ದು, ತೂಕ ಸರಿ ಇದ್ದು, ಸ್ಟೀರಾಯ್ಡಿನಂಥ ಕಾರಣ ಇಲ್ಲದ ಯುವತಿಯರಿಗೆ ಡೆಕ್ಸಾ ಕೂಡ ಬೇಕಾಗಲ್ಲ. ಆ ಹುಡುಗಿಗೆ ಧೈರ್ಯ ಹೇಳಿ. ಹೆದರಿಸಿ ಡಬ್ಬಿ ಮಾರುವ ಇಂಥ ಶಿಬಿರಗಳನ್ನು ಆಫೀಸಿನವರು ಒಳಗೇ ಬಿಟ್ಟುಕೊಳ್ಳಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಸನದ_ಟೀಚರ್

ಒಂದು ವಿಷಯ ಸೇರಿಸಲೇ? ಹೆಣ್ಣುಮಕ್ಕಳ ಮೂಳೆಯ ಗರಿಷ್ಠ ಬಲದಲ್ಲಿ ಸುಮಾರು 90 ಭಾಗ ಹದಿನೆಂಟರ ಹೊತ್ತಿಗೇ ಆಗಿಹೋಗಿರುತ್ತೆ. ಆಮೇಲೆ ಮೂವತ್ತರವರೆಗೆ ಸೇರೋದು ಉಳಿದ ಚೂರು, ನಂತರ ಇದ್ದದ್ದನ್ನು ಉಳಿಸಿಕೊಳ್ಳೋದು. ನಾನು ಹೈಸ್ಕೂಲಿನಲ್ಲಿದ್ದೇನೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಮಕ್ಕಳಿಗೆ ಹಾಲು ಸಿಗುತ್ತಿದೆ, ಸಂತೋಷ. ಆದರೆ ಎಂಟನೇ ತರಗತಿಗೆ ಬರುವಷ್ಟರಲ್ಲಿ ಹುಡುಗಿಯರು ಮೈದಾನದಿಂದ ಮಾಯ. ದೊಡ್ಡವಳಾದಳು, ಇನ್ನೇನು ಕುಣಿಯೋದು ಅಂತ ಮನೆಯಲ್ಲಿ ಹೇಳುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಪಿಟಿ ಪೀರಿಯಡ್ಡನ್ನು ಗಣಿತಕ್ಕೆ ಕೊಡುತ್ತಾರೆ. ಮೂಳೆ ಅತಿ ವೇಗವಾಗಿ ಬೆಳೆಯುವ ಎರಡು ಮೂರು ವರ್ಷ ಹಾಗೆ ಬೆಂಚಿನ ಮೇಲೇ ಕಳೆದುಹೋಗುತ್ತೆ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಥ್ರೋಬಾಲ್ ನೆಟ್ ಕಟ್ಟಿಸಲು ಎಸ್‌ಡಿಎಂಸಿ ಸಭೆಯಲ್ಲಿ ನಾನು ಜಗಳವನ್ನೇ ಆಡಬೇಕಾಯಿತು. ಕಟ್ಟಿಸಿದೆವು.

ಬಾಣಂತಿ_ಶಿವಮೊಗ್ಗ

ನನಗೆ ಐದು ತಿಂಗಳ ಮಗು, ಹಾಲೂಡಿಸುತ್ತಿದ್ದೇನೆ, ಮನೆಯಿಂದಲೇ ಐಟಿ ಕೆಲಸ. ಮಗು ಮೂಳೆಯ ಸತ್ವವೆಲ್ಲ ಹೀರಿಕೊಳ್ಳುತ್ತೆ ಅಂತಾರೆ. ಜಿಗಿಯಬಹುದಾ? ಸೀನಿದರೆ ಮೂತ್ರ ಸೋರುತ್ತೆ, ಅದನ್ನು ಯಾರಲ್ಲೂ ಹೇಳಿಕೊಂಡಿಲ್ಲ.

ಫಿಸಿಯೋ_ಧಾರವಾಡ

ಹೇಳಿದ್ದು ಒಳ್ಳೆಯದಾಯ್ತು ತಂಗಿ. ಹಾಲೂಡಿಸುವ ತಿಂಗಳುಗಳಲ್ಲಿ ಮೂಳೆ ಸಾಂದ್ರತೆ ನೂರಕ್ಕೆ ಮೂರರಿಂದ ಐದರಷ್ಟು ಇಳಿಯೋದು ಸಹಜ. ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಅದು ತಾನಾಗಿ ತುಂಬಿಕೊಳ್ಳುತ್ತೆ. ಅದಕ್ಕೆ ಹೆದರಿ ಹಾಲು ನಿಲ್ಲಿಸಬೇಡಿ. ಸೋರೋದು ಇರುವಾಗ ಜಿಗಿತ ಬೇಡ. ಮೊದಲು ಕೆಳಹೊಟ್ಟೆಯ ತಳದ ಸ್ನಾಯು ಬಲವಾಗಲಿ. ಮೂತ್ರ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಅದೇ ಸ್ನಾಯುವನ್ನು ಬಿಗಿಹಿಡಿದು ಬಿಡೋದು, ಮಗುವಿಗೆ ಹಾಲು ಕೊಡುವಾಗಲೇ ಮಾಡಬಹುದು. ಮಾಡುವ ರೀತಿ ಸರಿ ಇದೆಯಾ ಅಂತ ಒಮ್ಮೆ ಮಹಿಳಾ ಫಿಸಿಯೋ ಹತ್ತಿರ ತೋರಿಸಿಕೊಳ್ಳಿ. ಸೋರೋದು ನಿಂತ ಮೇಲೆ ಬಸ್ಕಿ, ಭಾರ, ಕಡೆಗೆ ಜಿಗಿತ.

ಗರ್ಭಕೋಶ ಜಾರುತ್ತೆ ಅನ್ನೋ ಭಯಕ್ಕೂ ಇಲ್ಲೇ ಉತ್ತರ ಇದೆ. ಹೆರಿಗೆಯಲ್ಲಿ ತಳದ ಸ್ನಾಯು ಸಡಿಲವಾದವರು ಅದನ್ನು ಸರಿಮಾಡಿಕೊಳ್ಳದೆ, ಉಸಿರು ಬಿಗಿಹಿಡಿದು ಭಾರ ಎತ್ತಿದರೆ ತೊಂದರೆ ಆಗಬಹುದು. ಹೆರಿಗೆ ಆಗದ, ಆರೋಗ್ಯವಾಗಿರುವ ಹುಡುಗಿ ಉಸಿರು ಬಿಡುತ್ತಾ ಕ್ರಮವಾಗಿ ಎತ್ತಲು ಹೆದರಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ ಹೆಂಗಸರ ಕೈಯಲ್ಲೇ ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ದೊಡ್ಡ ಭಾರ ಎತ್ತಿಸಿದರು. 2018ರಲ್ಲಿ ಅದರ ಫಲಿತಾಂಶ ಬಂತು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ 2.9 ಶೇಕಡಾ ಏರಿತ್ತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು 1.2 ಇಳಿದಿತ್ತು. ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ, ಲೆಕ್ಕದ ಹುಡುಗಿ.

ಲೆಕ್ಕದ_ಹುಡುಗಿ

ಓದಿ ಹೇಳಿದೆ ಅಣ್ಣ. ಅವರ ಮಂಡಿಗೂ ಏನಾದರೂ ಹೇಳಿಕೊಡ್ತಾರಾ ಅಂತ ಕೇಳುತ್ತಿದ್ದಾರೆ. ಸ್ತ್ರೀರೋಗ ತಜ್ಞರ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಬೆಳಗ್ಗೆ ಈಗ ಎರಡು ಮೊಟ್ಟೆ, ರಾಗಿ ಅಂಬಲಿ ಶುರುಮಾಡಿದ್ದೇನೆ. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಎಲ್ಲಿಂದ ಶುರುಮಾಡಲಿ? ಡೆಕ್ಸಾ ಮತ್ತೆ ಯಾವಾಗ?

ಫಿಸಿಯೋ_ಧಾರವಾಡ

ಮೂಳೆ ಡಾಕ್ಟರು ಪೂರ್ತಿ ಭಾರ ಹಾಕಬಹುದು ಅಂದ ಮೇಲೆ, ಮೊದಲು ಎರಡೂ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ನಿಂತು, ಥಟ್ ಅಂತ ಹಿಮ್ಮಡಿ ನೆಲಕ್ಕೆ ಬಿಡಿ. ಜಿಗಿತಕ್ಕೆ ಇದೇ ಮೊದಲ ಮೆಟ್ಟಿಲು. ನೋವಿಲ್ಲದಿದ್ದರೆ ಬಸ್ಕಿ. ಬೆನ್ನಿಗೆ ಭಾರ ಹಾಕುವ ವ್ಯಾಯಾಮವನ್ನು ಕಲಿಸುವವರ ಎದುರಿಗೇ ಕಲಿಯಿರಿ, ಮೊಬೈಲಿನ ವಿಡಿಯೋ ನೋಡಿ ಬೇಡ. ಜಿಗಿತ ಕಡೆಗೆ, ಅದೂ ಮುಟ್ಟು, ತೂಕ ಎರಡೂ ದಾರಿಗೆ ಬಂದ ಮೇಲೆ. ಹಳೆ ಮೂಳೆ ಕರಗಿ ಹೊಸದು ಕಟ್ಟಿ ಗಟ್ಟಿಯಾಗಲು ನಾಲ್ಕಾರು ತಿಂಗಳು ಹಿಡಿಯುತ್ತೆ, ಆದ್ದರಿಂದ ವರ್ಷದ ಒಳಗೆ ಡೆಕ್ಸಾ ಮಾಡಿಸಿದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣಲ್ಲ. ಒಂದೆರಡು ವರ್ಷ ಬಿಟ್ಟು, ಅದೇ ಯಂತ್ರದಲ್ಲಿ. ನಿಲ್ಲಿಸಿದರೆ ಗಳಿಸಿದ್ದು ನಿಧಾನಕ್ಕೆ ಕರಗುತ್ತೆ, ಅದಕ್ಕೇ ಬಿಡದೆ ಮಾಡುವಷ್ಟು ಚಿಕ್ಕದಾಗಿ ಇಟ್ಟುಕೊಳ್ಳಿ. ಅತ್ತೆಯವರ ಮಂಡಿಗೆ ಕುರ್ಚಿಯ ಮೇಲೆ ಕೂತು ಏಳೋದರಿಂದ ಶುರುಮಾಡಿಸಿ, ಕೈ ಊರದೆ.

ಪೀಣ್ಯದ_ಹೊಲಿಗೆ

ಅಣ್ಣ, ನಮ್ಮದು ಎರಡನೇ ಮಹಡಿ, ಒಂದೇ ರೂಮು. ಜಿಗಿದರೆ ಕೆಳಗಿನ ಓನರ್ ಆಂಟಿ ಬಾಗಿಲು ತಟ್ಟುತ್ತಾರೆ. ಏನು ಮಾಡ್ಲಿ?

ಫಿಸಿಯೋ_ಧಾರವಾಡ

ಮನೆಯೊಳಗೆ ಬೇಡ ಅಕ್ಕ. ಬೆಳಗ್ಗೆ ನೀರು ಹಿಡಿಯಲು ಕೆಳಗೆ ಇಳಿದಾಗ ಅಂಗಳದಲ್ಲಿ ಹತ್ತು ಮಾಡಿಬಿಡಿ, ಸಂಜೆ ಬಸ್ ಇಳಿದ ಮೇಲೆ ಹತ್ತು. ಚಪ್ಪಲಿ ಜಾರುವಂತಿದ್ದರೆ ಬಿಚ್ಚಿ, ನೆಲದಲ್ಲಿ ಕಲ್ಲು ಗಾಜು ಇಲ್ಲ ಅಂತ ನೋಡಿಕೊಳ್ಳಿ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲಿನಿಂದ ಎರಡೂ ಕಾಲು ಜೋಡಿಸಿ ನೆಲಕ್ಕೆ ಜಿಗಿದರೆ ಅದೂ ಲೆಕ್ಕಕ್ಕೆ ಬರುತ್ತೆ. ರೂಮಿನಲ್ಲಿ ಬಸ್ಕಿ ಮತ್ತು ಭಾರ ಸಾಕು, ಸದ್ದಾಗಲ್ಲ. ಓನರ್ ಆಂಟಿಗೂ ವಯಸ್ಸು ಐವತ್ತರ ಆಸುಪಾಸು ಇದ್ದರೆ ಅವರನ್ನೂ ಅಂಗಳಕ್ಕೆ ಕರೆಯಿರಿ. ಆದರೆ ಅವರಿಗೆ ಜಿಗಿತ ಹೇಳಿಕೊಡಬೇಡಿ, ಹಿಮ್ಮಡಿ ಎತ್ತಿ ಇಳಿಸೋದು, ಕುರ್ಚಿಯಿಂದ ಏಳೋದು ಸಾಕು.